ದಢೇಸುಗೂರಿನ ಕಾಲುವೆ, ಭಾರತಿಯ ಪಿಎಚ್‌ಡಿ

ಲಿಂಗಸುಗೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಹುಡುಗರಿಗೆ ಮಣ್ಣಿನ ಪಾಠ ಹೇಳುತ್ತಿದ್ದ ಭಾರತಿಗೆ, ಪಿಎಚ್‌ಡಿ ಮಾಡುವುದಕ್ಕಿಂತ ಪಿಎಚ್‌ಡಿಗೆ ಒಬ್ಬ ಗೈಡ್ ಹುಡುಕುವುದೇ ದೊಡ್ಡ ಸಂಶೋಧನೆ ಅನ್ನಿಸತೊಡಗಿತ್ತು. ಎಂಟೆಕ್ ಮುಗಿಸಿದ್ದಳು. ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಆದರೆ ಪಾಸಾದವರಿಗೆಲ್ಲ ಸೀಟು ಸಿಗುವುದಿಲ್ಲ. ತನ್ನ ಕೆಳಗೆ ಜಾಗ ಖಾಲಿ ಇರುವ, ಅವಳ ವಿಷಯಕ್ಕೆ ಒಪ್ಪುವ ಪ್ರೊಫೆಸರು ಬೇಕು. ಭಾರತಿ ಕಂಡಕಂಡವರಿಗೆ ಮೇಲ್ ಬರೆದಳು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಬ್ಬರು ಜಾಗ ಇಲ್ಲ ಎಂದರು. ಇನ್ನೊಬ್ಬರು ಬರೆದ ಒಂದೇ ಸಾಲು ಅವಳ ಎದೆಗೆ ಚುಚ್ಚಿಕೊಂಡು ಉಳಿಯಿತು: 'ಎರೆಮಣ್ಣಿಗೆ ಭತ್ತದ ಹೊಟ್ಟಿನ ಬೂದಿ ಬೆರೆಸುವುದು ಹಳಸಿದ ವಿಷಯ. ಪ್ರಯೋಗಾಲಯದಲ್ಲಿ ಎಲ್ಲರೂ ಮಾಡಿದ್ದಾರೆ. ನಿಮ್ಮಲ್ಲಿ ಹೊಸದೇನಿದೆ?'

ಮಾತು ಸುಳ್ಳಾಗಿರಲಿಲ್ಲ. ಆದರೆ ಭಾರತಿಯ ಮಟ್ಟಿಗೆ ಅದು ಪುಸ್ತಕದ ವಿಷಯವಲ್ಲ. ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಸೀಳುತ್ತದೆ, ತೋಡಿದ ಕಾಲುವೆ ಕುಸಿಯುತ್ತದೆ. ಇತ್ತ ಸಿಂಧನೂರಿನ ರೈಸ್‌ಮಿಲ್‌ಗಳ ಹಿತ್ತಲಲ್ಲಿ ಹೊಟ್ಟು ಸುಟ್ಟ ಬೂದಿ ಗುಡ್ಡದಂತೆ ಬಿದ್ದಿರುತ್ತದೆ, ಗಾಳಿ ಬಂದರೆ ಓಣಿಯವರ ಕಣ್ಣು ಸೇರುತ್ತದೆ. ಆ ಬೂದಿಗೆ ಒಂದಿಷ್ಟು ಸುಣ್ಣ ಕೂಡಿಸಿ ಈ ಮಣ್ಣಿಗೆ ಬೆರೆಸಿದರೆ ಮಣ್ಣು ಗಟ್ಟಿಯಾಗುತ್ತದೆ. ಪ್ರಯೋಗಾಲಯದಲ್ಲಿ ಸರಿ. ಹೊಲದಲ್ಲಿ ನಿಲ್ಲುತ್ತದೆಯೇ?

ನಿಲ್ಲಿಸಿ ತೋರಿಸುತ್ತೇನೆ ಎಂದು ಹಟ ತೊಟ್ಟಳು. ದಢೇಸುಗೂರಿನಲ್ಲಿ ಅವಳ ಸೋದರಮಾವ ಪಕೀರಪ್ಪನ ಗದ್ದೆ ಇತ್ತು. ಕೆನಾಲಿನಿಂದ ಗದ್ದೆಗೆ ನೀರು ತರುವ ಮಣ್ಣಿನ ಹೊಲಗಾಲುವೆ ವರ್ಷವರ್ಷವೂ ಒಡೆಯುತ್ತಿತ್ತು. ಬೇಸಿಗೆಯಲ್ಲಿ ಕೆನಾಲು ಬತ್ತಿದ್ದಾಗ ಭಾರತಿ ಮಾವನನ್ನು ಕಾಡಿ ಬೇಡಿ ಆ ಕಾಲುವೆಯ ಒಂದು ಭಾಗಕ್ಕೆ ತನ್ನ ಮಿಶ್ರಣ ಮೆತ್ತಿಸಿದಳು. ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಶಾಕೀರ್ ರಜೆ ಹಾಕಿ ಬಂದು ಅವಳ ಜೊತೆ ಬೂದಿ ಜರಡಿ ಹಿಡಿದ. ಸಂಜೆ ಹೊತ್ತಿಗೆ ಇಬ್ಬರ ರೆಪ್ಪೆಗಳೂ ಬೆಳ್ಳಗಾಗಿದ್ದವು.

ಜುಲೈ ಕೊನೆಗೆ ನೀರು ಬಂತು. ಕಾಲುವೆ ಅಲುಗಲಿಲ್ಲ. ಭಾರತಿ ತೆಗೆದ ಫೋಟೋದಲ್ಲಿ ನೀರು ತಿಳಿಯಾಗಿ ಹರಿಯುತ್ತಿತ್ತು. ಪಕೀರಪ್ಪ ದಂಡೆಯ ಮೇಲೆ ನಿಂತು, ತಾನೇ ಕಂಡುಹಿಡಿದವನ ಹಾಗೆ ಮೀಸೆ ತಿರುವುತ್ತಿದ್ದ. ಆ ಫೋಟೋ ಇಟ್ಟು ಮತ್ತೆ ಅರ್ಜಿ ಹಾಕಿದಳು. ಒಂದು ಸಂಸ್ಥೆಯಲ್ಲಿ ನಜಮಾ ಎಂಬ ಪ್ರೊಫೆಸರು ಕಾಲುವೆ ಸೀಮೆಯ ಮಣ್ಣಿನ ಮೇಲೆ ಯೋಜನೆ ತಂದಿದ್ದರು. ಅದರಲ್ಲಿ ಫೆಲೋಶಿಪ್ ಸಮೇತ ಒಂದೇ ಒಂದು ಪಿಎಚ್‌ಡಿ ಜಾಗ. ಆಯ್ಕೆಯ ಸಂದರ್ಶನಕ್ಕೆ ಭಾರತಿಗೂ ಕರೆ ಬಂತು. ಆನ್‌ಲೈನ್ ಸಂದರ್ಶನ, ಮಧ್ಯಾಹ್ನ ಮೂರಕ್ಕೆ.

ಆ ದಿನ ಬೆಳಿಗ್ಗೆ ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಅವಳು ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ನಿಂಗರಾಜ ಗಣಿಯ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದು ಚಹಾ ಕುಡಿಯುತ್ತಿದ್ದ. ಫೋನು ಬಂತು. ಪಕೀರಪ್ಪ.

"ಯವ್ವಾ ಭಾರತಿ, ನಿನ್ನ ಕಾಲುವಿ ಒಡದೈತಿ ನೋಡು. ನೀರೆಲ್ಲಾ ಬಾಜೂ ಹೊಲದ ನಬೀಸಾಬ್‌ನ ಸಸಿಮಡಿಗೆ ನುಗ್ಗಾಕತ್ತೈತಿ. ಅಂವ ಬಾಯಿಗೆ ಬಂದಂಗ ಬೈಯಾಕತ್ತಾನ. ನಾ ಏನ್ ಹೇಳ್ಲಿ ಅವಗ?"

"ಒಡದೈತಿ ಅಂದ್ರ ಹೆಂಗ ಮಾವ? ಕುಸದೈತೇನು?"

"ಕುಸದಿಲ್ಲ ಬೇ. ಉಬ್ಬೈತಿ. ಉಬ್ಬಿ ಸೀಳೈತಿ. ನೀ ಕಟ್ಟಿದ್ದು, ನೀನ ಬಂದು ನೋಡು."

ಫೋನು ಇಟ್ಟ ಮೇಲೂ ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲೇ ಇತ್ತು. ಸೆರಗು ಸುಟ್ಟ ವಾಸನೆ ಬಂದಾಗ ನಿಂಗರಾಜನೇ ಎದ್ದು ಪ್ಲಗ್ ಕಿತ್ತ. ವಿಷಯ ಕೇಳಿ ಅವನೆಂದ, "ಮೂರಕ್ಕ ಇಂಟರ್‌ವ್ಯೂ ಐತಿ. ಮುಗಿಸ್ಕೊಂಡು ಹೋಗು. ಒಡದದ್ದು ಒಡದೈತಿ, ನೀ ಈಗ ಹೋದ್ರ ಕೂಡತೈತೇನು?"

"ನೋಡದ ಹೆಂಗ ಮಾತಾಡ್ಲಿರೀ?"

"ನೋಡಿದ್ರ ಮಾತಾಡಾಕ ಬಾಯಿ ಬರತೈತೇನು?"

ಭಾರತಿ ಸುಟ್ಟ ಸೀರೆ ಮಡಚಿ ಬದಿಗಿಟ್ಟಳು. ಇನ್ನೊಂದು ಸೀರೆ ಸುತ್ತಿಕೊಂಡಳು. ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿದಳು. ನಿಂಗರಾಜ ಮುಖ ಗಂಟಿಕ್ಕಿಕೊಂಡೇ ಗಾಡಿ ತೆಗೆದ. ನಿದ್ದೆಗಣ್ಣಲ್ಲೇ ಲಿಂಗಸುಗೂರಿನವರೆಗೆ ಬಿಟ್ಟು, ಸಿಂಧನೂರು ಬಸ್ಸು ಹತ್ತಿಸಿದ. ಬಸ್ಸಿನಿಂದಲೇ ಅವಳು ಶಾಕೀರ್‌ಗೆ ಫೋನು ಮಾಡಿದಳು. ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಒಳ್ಳೆ ನೆಟ್ ಕೊಟ್ಟು ಕೂಡಿಸುವ ಜವಾಬ್ದಾರಿ ಅವನದಾಗಿತ್ತು.

ಸುದ್ದಿ ಕೇಳಿ ಶಾಕೀರ್ ಹೇಳಿದ, "ಅಕ್ಕಾ, ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ ಹತ್ರ ಫೋಟೋ ಅದಾವ. ಅವು ಸುಳ್ಳಲ್ಲ, ಅವತ್ತು ಹಂಗ ಇತ್ತು. ಇವತ್ತೊಂದು ದಿನ ಅವ್ನ ತೋರಸ್ರಿ. ಸೀಟ್ ಸಿಗ್ಲಿ. ಆಮ್ಯಾಲ ಕುಂತು ಯಾಕ ಒಡೀತು ಅಂತ ಹುಡಕೂಣು. ದಢೇಸುಗೂರಿಗೆ ಯಾರ್ ಬಂದು ನೋಡ್ತಾರ?"

ಮಸ್ಕಿ ದಾಟುವವರೆಗೂ ಆ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ತಪ್ಪೇನಿದೆ ಅದರಲ್ಲಿ? ವಯಸ್ಸು ಮೂವತ್ತೆರಡಾಗಿತ್ತು. ಅತಿಥಿ ಉಪನ್ಯಾಸಕಿಯ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ಸಲ ಇಂಥ ಜಾಗ ಯಾವಾಗ ಬರುತ್ತದೋ, ಬಂದರೂ ತನ್ನನ್ನು ಕರೆಯುತ್ತಾರೋ ಯಾರಿಗೆ ಗೊತ್ತು? ಕಿಟಕಿಯಾಚೆ ಹಸಿರು ಮಡಿಗಳು ಓಡುತ್ತಿದ್ದವು.

ಸಿಂಧನೂರಿನಲ್ಲಿ ಇಳಿದು, ಷೇರ್ ಆಟೋ ಹಿಡಿದು ದಢೇಸುಗೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಮಾವ ಹೇಳಿದ್ದು ನಿಜವಾಗಿತ್ತು. ಅವಳು ಮೆತ್ತಿಸಿದ ಪದರ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ, ನಡುವೆ ಸೀಳಿತ್ತು. ಸೀಳಿನೊಳಗಿಂದ ನೀರು ಗುಳುಗುಳು ಎಂದು ಪಕ್ಕದ ಮಡಿಗೆ ಇಳಿಯುತ್ತಿತ್ತು. ಬೆರಳುದ್ದ ಬೆಳೆದ ಭತ್ತದ ಸಸಿ ಅರ್ಧ ಮುಳುಗಿ, ಬೇರು ಕಿತ್ತುಬಂದ ಕೆಲವು ತೇಲುತ್ತಿದ್ದವು. ನಬೀಸಾಬ್ ಲುಂಗಿ ಎತ್ತಿಕಟ್ಟಿ ಕೆಸರಿನಲ್ಲಿ ನಿಂತಿದ್ದ.

"ಬಂದ್ಯೇನವ್ವಾ ಇಂಜಿನಿಯರಮ್ಮಾ! ಹಳೇ ಕಾಲುವಿ ಒಡದ್ರ ನಾಕು ಗುದ್ದಲಿ ಮಣ್ಣು ಹಾಕಿ ಮುಚ್ಚತಿದ್ವಿ. ಇದು ಕಲ್ಲಾಗೈತಿ, ಗುದ್ದಲಿ ಇಳಿಯವಲ್ದು. ಮುಚ್ಚೂದು ಹೆಂಗ, ಹೇಳು?"

ಭಾರತಿ ಲ್ಯಾಪ್‌ಟಾಪ್ ಚೀಲವನ್ನು ದಂಡೆಯ ಮೇಲಿಟ್ಟಳು. ಚಪ್ಪಲಿ ಬಿಟ್ಟು ಸೀರೆ ಎತ್ತಿ ಸಿಕ್ಕಿಸಿ ಕೆಳಗಿಳಿದಳು. ಪಕೀರಪ್ಪನೂ ಬಂದು, ಮೂವರೂ ಸೇರಿ ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಸೀಳಿಗೆ ಒಡ್ಡಿದರು. ಒಂದು ಚೀಲ ಇಟ್ಟರೆ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತಿತ್ತು. ಮೇಲಿನ ತೂಬಿಗೆ ಪಕೀರಪ್ಪ ಹಲಗೆ ಇಳಿಸಿ ಬಂದ ಮೇಲೆ ನೀರಿನ ಜೋರು ತಗ್ಗಿತು. ಚೀಲಗಳು ನಿಂತವು. ಮಡಿಯ ಒಂದು ಮೂಲೆ ಹೋಗಿತ್ತು, ಉಳಿದದ್ದು ಉಳಿಯಿತು.

ಆಗ ಅವಳು ದಂಡೆಗುಂಟ ನಡೆದು ನೋಡಿದಳು. ಒಂದು ವಿಚಿತ್ರ ಕಣ್ಣಿಗೆ ಬಿತ್ತು. ತೂಬಿನ ಕಡೆಯ ಮೇಲಿನ ಅರ್ಧ ಒಂದು ಕೂದಲೆಳೆಯಷ್ಟೂ ಬಿರಿದಿರಲಿಲ್ಲ. ಕೆಳಗಿನ ಅರ್ಧ ಮಾತ್ರ ಉಬ್ಬಿತ್ತು. ಅದೇ ಬೂದಿ, ಅದೇ ಸುಣ್ಣ, ಅದೇ ಕೈ. ಬೇರೆ ಯಾವುದು? ಕಣ್ಣು ಮುಚ್ಚಿ ಬೇಸಿಗೆಯ ಆ ದಿನಗಳನ್ನು ನೆನೆದಳು. ಮೇಲಿನ ಭಾಗಕ್ಕೆ ಕಾಲುವೆಯ ದಂಡೆಯ ಮಣ್ಣನ್ನೇ ಅಗೆದು ಬೆರೆಸಿದ್ದರು. ಅದು ಸಾಲದೆ ಕೆಳಗಿನದಕ್ಕೆ ಮಾವನ ಗದ್ದೆಯ ಮೂಲೆಯಿಂದ ಮಣ್ಣು ತಂದಿದ್ದರು. ಆ ಮೂಲೆ ಉಪ್ಪೇರಿ ಸವಳು ಹಿಡಿದ ಜಾಗ. ಸವಳಿಗೆ ಈ ಸೀಮೆಯ ರೈತರು ಏನು ಹಾಕುತ್ತಾರೆ?

"ಮಾವ, ಆ ಮೂಲ್ಯಾಗ ಜಿಪ್ಸಮ್ ಹಾಕಿದ್ರೇನು?"

"ಹಾಕೀನಿ. ಸವಳು ಬಿದ್ದ ಹೊಲಕ್ಕ ಎಲ್ಲಾರೂ ಹಾಕ್ತಾರ. ಯಾಕ?" ಪಕೀರಪ್ಪನ ಹುಬ್ಬು ಗಂಟಾಯಿತು. "ಕಾಲುವಿ ಒಡದದ್ದು ಈಗ ನನ್ನ ಜಿಪ್ಸಮ್ ಮ್ಯಾಲ ಹಾಕ್ತಿಯೇನು?"

ಆ ಮಾತಿಗೆ ನಿಲ್ಲದೆ ಅವಳ ಮನಸ್ಸು ಮುಂದೆ ಓಡಿತ್ತು. ಜಿಪ್ಸಮ್ ಎಂದರೆ ಸಲ್ಫೇಟು. ಸಲ್ಫೇಟು ಇರುವ ಮಣ್ಣಿಗೆ ಸುಣ್ಣ ಬೆರೆತು, ಮೇಲೆ ನೀರು ಸಿಕ್ಕರೆ ಒಳಗೊಳಗೆ ಹರಳು ಕಟ್ಟಿ ಮಣ್ಣು ಉಬ್ಬುತ್ತದೆ ಎಂದು ಎಂಟೆಕ್‌ನಲ್ಲಿ ಎಂದೋ ಓದಿದ್ದಳು. ಬೇರೆ ದೇಶದ ಯಾವುದೋ ರಸ್ತೆಯ ಉದಾಹರಣೆ ಇತ್ತು. ಪರೀಕ್ಷೆಗೆ ಬರಲಿಲ್ಲವೆಂದು ಮರೆತಿದ್ದಳು. ಇದು ಅದೇ ಇರಬಹುದೇ? ಇರಬಹುದು. ಇಲ್ಲದೆಯೂ ಇರಬಹುದು. ಉಬ್ಬಿದ ಪದರದ ಒಂದು ಹೆಂಟೆಯನ್ನೂ, ಉಬ್ಬದ ಕಡೆಯ ಒಂದು ಚೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡಳು. ಸೀಳಿನ ಫೋಟೋ ತೆಗೆದಳು. ಆಮೇಲೆ ಗಡಿಯಾರ ನೋಡಿದಳು. ಚಪ್ಪಲಿ ಮೆಟ್ಟಿ ಆಟೋ ಹಿಡಿಯಲು ಹೊರಟಳು.

ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ಸು ಸಿಕ್ಕಿತು. ಆದರೆ ಮಸ್ಕಿ ಇನ್ನೇನು ಬಂತು ಅನ್ನುವಾಗ ಸಾಲುಗಟ್ಟಿ ನಿಂತ ಗಾಡಿಗಳ ಹಿಂದೆ ಬಸ್ಸೂ ನಿಂತಿತು. ಮುಂದೆ ಲಾರಿ ಪಲ್ಟಿಯಾಗಿತ್ತು. ಕಂಡಕ್ಟರು ಇಳಿದು ನೋಡಿ ಬಂದು, "ಕ್ರೇನ್ ಬರೂಮಟ ಇಲ್ಲೇ ಗತಿ," ಎಂದ. ಭಾರತಿ ಇಳಿದಳು. ಒಣಗಿ ಕಾಲಿಗೆ ಅಂಟಿದ ಕೆಸರಿನಲ್ಲೇ, ನಿಂತ ಗಾಡಿಗಳ ನಡುವೆ ಊರೊಳಕ್ಕೆ ಓಡಿದಳು. ಲಿಂಗಸುಗೂರು ಮುಟ್ಟುವ ಮಾತು ಇನ್ನಿರಲಿಲ್ಲ. ಫೋನಿನ ನೆಟ್ ಒಂದು ಗೆರೆ ತೋರಿಸಿ ಮಾಯವಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಕಂಡಿತು. ಒಳಗೆ ಕನ್ನಡಕದ ನಡುವಯಸ್ಸಿನ ಹೆಂಗಸು ಕುಳಿತಿದ್ದಳು. ಬೋರ್ಡಿನ ಮೇಲೆ 'ಮಾಲಕಿ: ಹಾಜಿರಾಬೀ' ಎಂದಿತ್ತು.

"ಅಕ್ಕಾರೀ, ನಿಮ್ಮ ವೈಫೈ ಬೇಕು. ಮೂರಕ್ಕ ನಂದು ಇಂಟರ್‌ವ್ಯೂ ಐತಿ."

ಹಾಜಿರಾಬೀ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಕೆಸರು, ಹರಡಿದ ಕೂದಲು, ಒದ್ದೆ ಅಂಚು. "ನಾಟಿ ಹಚ್ಚೂ ಇಂಟರ್‌ವ್ಯೂ ಏನಮ್ಮಾ?" ಎಂದು ನಕ್ಕವಳು, ಭಾರತಿಯ ಮುಖ ಕಂಡು ನಗು ನಿಲ್ಲಿಸಿದಳು. "ಒಳಗ ಬಾ. ಮೊದ್ಲ ಮುಖ ತೊಳಕೋ." ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕಾಗದದ ಪೆಟ್ಟಿಗೆ ಸರಿಸಿ ಜಾಗ ಮಾಡಿದಳು. ಪಾಸ್‌ವರ್ಡ್ ತಾನೇ ಒತ್ತಿದಳು. ಗಿರಾಕಿಗಳಿಗೆ, "ಮಷಿನ್ ಸ್ವಲ್ಪ ಬಂದ್ ಐತ್ರೀ, ಸಪ್ಪಳ ಆಗ್ತೈತಿ," ಎಂದು ಬಾಗಿಲಲ್ಲೇ ನಿಂತಳು.

ಪರದೆಯ ಮೇಲೆ ಮೂರು ಮುಖಗಳು ಮೂಡಿದವು. ನಡುವಿನವರು ನಜಮಾ, ನರೆತ ಕೂದಲು, ಮಾತು ಕಡಿಮೆ. ಇನ್ನಿಬ್ಬರು ಆಯ್ಕೆ ಸಮಿತಿಯವರು. ಮಾತುಕತೆ ಇಂಗ್ಲಿಷಿನಲ್ಲಿ ನಡೆಯಿತು. ಭಾರತಿಗೆ ಸ್ಲೈಡುಗಳು ಬಾಯಿಪಾಠವಾಗಿದ್ದವು. ಮಣ್ಣು, ಬೂದಿ, ಪರೀಕ್ಷೆಯ ಫಲಿತಾಂಶ. ಕಾಲುವೆಯ ಫೋಟೋ ಬಂತು. ತಿಳಿ ನೀರು, ದಂಡೆಯ ಮೇಲೆ ಮಾವ.

ಎಡಗಡೆಯವರು ಮುಂದಕ್ಕೆ ಬಾಗಿದರು. "ಇದು ಚೆನ್ನಾಗಿದೆ. ಹೊಲದಲ್ಲಿ ಮಾಡಿ ತೋರಿಸಿದವರು ಇವತ್ತು ನಮಗೆ ಯಾರೂ ಸಿಕ್ಕಿರಲಿಲ್ಲ. ಸರಿ, ಮುಂದಿನ ಸ್ಲೈಡ್."

ಮುಂದಿನದು ಧನ್ಯವಾದದ ಸ್ಲೈಡು. ಅಷ್ಟೇ. ಗುಂಡಿ ಒತ್ತಿದರೆ ಮುಗಿಯಿತು. ಯಾರೂ ಏನೂ ಕೇಳುತ್ತಿರಲಿಲ್ಲ. ಭಾರತಿಯ ಬೆರಳು ಗುಂಡಿಯ ಮೇಲೆಯೇ ನಿಂತಿತು. ಕಾಲಿನ ಕೆಸರು ಒಣಗಿ ಚರ್ಮ ಬಿಗಿಯುತ್ತಿತ್ತು. ಹೊರಗೆ ಲಾರಿ ಹಾರ್ನುಗಳು.

"ಸರ್," ಎಂದಳು. "ಈ ಫೋಟೋ ಹಿಂದಿನದು. ಈಗ ಕಾಲುವೆ ಹೀಗಿಲ್ಲ. ಇವತ್ತು ಒಡೆದಿದೆ. ನಾನು ಅಲ್ಲಿಂದಲೇ ಬಂದೆ." ಫೋನಿನಲ್ಲಿದ್ದ ಸೀಳಿನ ಚಿತ್ರವನ್ನು ಕ್ಯಾಮೆರಾದ ಮುಂದೆ ಹಿಡಿದಳು.

ಎಡಗಡೆಯವರ ಮುಖ ಬಿಗಿಯಿತು. "ಹಾಗಾದರೆ ಇಷ್ಟು ಹೊತ್ತು ನಮಗೆ ಯಾಕೆ ಅದನ್ನು ತೋರಿಸಿದಿರಿ?"

"ತೋರಿಸಬಾರದಿತ್ತು ಸರ್. ಒಡೆದದ್ದನ್ನು ಹೇಳಬೇಕೋ ಬೇಡವೋ ಅಂತ ಈಗಿನವರೆಗೂ ಗೊತ್ತಾಗಿರಲಿಲ್ಲ."

ನೆಟ್ ನಿಂತು ಪರದೆ ಕಲ್ಲಾಯಿತೇನೋ ಎಂದು ಅವಳಿಗೆ ಅನುಮಾನ ಬಂತು. ಆಗ ನಜಮಾ ಮೊದಲ ಸಲ ಬಾಯಿ ತೆರೆದರು. "ಯಾಕೆ ಒಡೆಯಿತು?"

ಭಾರತಿ ಕಂಡದ್ದನ್ನು ಹೇಳಿದಳು. ಮೇಲಿನ ಅರ್ಧ, ಕೆಳಗಿನ ಅರ್ಧ, ಸವಳಿನ ಮಣ್ಣು, ಜಿಪ್ಸಮ್. ಪ್ಲಾಸ್ಟಿಕ್ ಚೀಲ ಬಿಚ್ಚಿ ಎರಡು ಹೆಂಟೆ ತೋರಿಸಿದಳು. "ಸಲ್ಫೇಟಿನಿಂದ ಇರಬಹುದು ಅಂತ ಊಹೆ ಮೇಡಂ. ಪರೀಕ್ಷೆ ಮಾಡಿಲ್ಲ. ನನಗೆ ಗೊತ್ತಿಲ್ಲ."

ನಜಮಾ ಕನ್ನಡಕ ತೆಗೆದು ಪರದೆಯ ಹತ್ತಿರ ಬಂದರು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಕ್ಕೆ, ಅದೂ ರಾಯಚೂರು ಕಡೆಯ ಕನ್ನಡಕ್ಕೆ ಹೊರಳಿದರು. "ನಿಮ್ಮ ಮಾವ ಏನಂದ್ರು?"

"ತಪ್ಪು ನನ್ನ ಜಿಪ್ಸಮ್ ಮ್ಯಾಲ ಹಾಕಬ್ಯಾಡ ಅಂದ್ರು ಮೇಡಂ."

ನಜಮಾ ನಕ್ಕರು. ಉಳಿದಿಬ್ಬರಿಗೆ ಅರ್ಥವಾಗಲಿಲ್ಲ. ಸಂದರ್ಶನ ಮುಗಿಯಿತು.

ವಾರ ಕಳೆದು ಫಲಿತಾಂಶ ಬಂತು. ಜಾಗ ಬೇರೆಯವರಿಗೆ ಹೋಗಿತ್ತು. ಅವರು ಆಗಲೇ ಎರಡು ಪ್ರಬಂಧ ಪ್ರಕಟಿಸಿದ್ದರು. ಭಾರತಿ ಆ ಮೇಲನ್ನು ಕಾಲೇಜಿನ ಲ್ಯಾಬಿನಲ್ಲಿ ನಿಂತೇ ಓದಿದಳು. ಶಾಕೀರ್ ಪಕ್ಕದಲ್ಲೇ ಜರಡಿ ಒರೆಸುತ್ತಿದ್ದ. ನಾನು ಹೇಳಿದ್ದೆನಲ್ಲ ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಅವಳು ಅತ್ತುಬಿಡುತ್ತಿದ್ದಳು. ಸಂಜೆ ನಿಂಗರಾಜ ಮಾತ್ರ, "ನೀ ಹೇಳದಿದ್ರೂ ಅವ್ರಿಗೇ ಕೊಡತಿದ್ರೋ ಏನೋ, ಯಾರಿಗ್ಗೊತ್ತು," ಎಂದ. ಅದು ಸಮಾಧಾನವೋ ನಿಜವೋ ಅವಳಿಗೆ ತಿಳಿಯಲಿಲ್ಲ.

ಮರುದಿನ ನಜಮಾ ಅವರೇ ಫೋನು ಮಾಡಿದರು. "ಫೆಲೋಶಿಪ್ ನನ್ನ ಕೈಯಾಗಿಲ್ಲ, ಅದು ಸಮಿತೀದು. ಆದ್ರ ಮುಂದಿನ ಸಲ ಕೆಲಸದಾಗ ಇದ್ದುಕೊಂಡ ಮಾಡೂ ಒಂದು ಪಾರ್ಟ್‌ಟೈಮ್ ಜಾಗ ನನ್ನ ಕೆಳಗ ಖಾಲಿ ಆಗತೈತಿ. ಬೂದಿ ವಿಷಯ ತಂದ್ರ ನಾ ತಗೊಳ್ಳಂಗಿಲ್ಲ, ಅದು ಹಳೇದು. ಜಿಪ್ಸಮ್ ಹಾಕಿದ ಮಣ್ಣಿಗೆ ಸುಣ್ಣ ಬೆರೆಸಿದ್ರ ನಮ್ಮ ಕಾಲುವಿ ಸೀಮ್ಯಾಗ ಏನಾಗತೈತಿ ಅಂತ ನೋಡಿದವ್ರು ಕಡಿಮಿ. ನಿಮ್ಮ ಊಹೆ ಖರೇ ಅಂತ ಸಿದ್ಧ ಮಾಡಿ ತರ್ರಿ. ಸುಳ್ಳಾದ್ರ ಸುಳ್ಳು ಅಂತ ತರ್ರಿ. ಎರಡೂ ನಡೀತೈತಿ. ಬರೇ ಕೈಲೆ ಮಾತ್ರ ಬರಬ್ಯಾಡ್ರಿ."

ಅಲ್ಲಿಂದ ಮುಂದಿನ ತಿಂಗಳುಗಳು ಭಾರತಿಗೆ ಉಸಿರು ಬಿಗಿಹಿಡಿದ ಕಾಲ. ಮೊದಲು ದಢೇಸುಗೂರಿಗೆ ಹೋಗಿ, ನೀರು ನಿಂತ ದಿನ ನೋಡಿ, ಉಬ್ಬಿದ ಭಾಗವನ್ನೆಲ್ಲ ಹಾರೆ ಹಾಕಿ ಕೀಳಿಸಿ ಹಳೆಯ ರೀತಿಯಲ್ಲೇ ಮಣ್ಣು ಕಟ್ಟಿಸಿಕೊಟ್ಟಳು. ನಬೀಸಾಬ್‌ನ ಹಾಳಾದ ಮೂಲೆಗೆ ಮಾವನ ಮಡಿಯ ಸಸಿ ಕೀಳಿಸಿ ಕೊಡಿಸಿದಳು. ನಬೀಸಾಬ್ ಸಸಿ ತೆಗೆದುಕೊಂಡ. ಮಾತು ಮಾತ್ರ ಆಡಲಿಲ್ಲ.

ಲ್ಯಾಬಿನಲ್ಲಿ ಪಾಠ ಮುಗಿದ ಮೇಲೆ ಅವಳೂ ಶಾಕೀರೂ ಸುಣ್ಣ, ಬೂದಿ ಬೆರೆತ ಮಣ್ಣಿನ ಬಿಲ್ಲೆಗಳನ್ನು ಮಾಡಿದರು. ಕೆಲವಕ್ಕೆ ಜಿಪ್ಸಮ್ ಇಲ್ಲ, ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ ಹೆಚ್ಚು. ಉಂಗುರದೊಳಗೆ ಕೂಡಿಸಿ, ಮೇಲೆ ಉಬ್ಬು ತೋರಿಸುವ ಅಳತೆಯ ಮುಳ್ಳು ಇಟ್ಟು, ನೀರು ತುಂಬಿ ಕಾದರು. ಮೊದಲ ವಾರ ಯಾವುದೂ ಅಲುಗಲಿಲ್ಲ. ಎರಡನೆಯ ವಾರವೂ ಇಲ್ಲ. ಭಾರತಿಗೆ ಊಟ ಸೇರದಾಯಿತು. ತನ್ನ ಊಹೆ ತಪ್ಪು, ಬೂದಿ ಸರಿಯಾಗಿ ಕಲಸದೆ ತಾನೇ ಕೆಟ್ಟದಾಗಿ ಕಟ್ಟಿದ್ದೇ ಕಾರಣ ಎಂದು ಒಳಗೊಳಗೇ ಕುದಿದಳು. ನಡುವೆ ಒಮ್ಮೆ ಕರೆಂಟು ಏರುಪೇರಾಗಿ ಓವನ್ ಕೆಟ್ಟು, ಒಣಗಿಸಲಿಟ್ಟ ಒಂದು ತಂಡದ ಮಣ್ಣೆಲ್ಲ ಹಾಳಾಯಿತು. ಮತ್ತೆ ಮೊದಲಿನಿಂದ ಮಾಡಿದರು. ಮುಂದಿನ ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಪಾಠಕ್ಕೆ ಹೊರಟವಳನ್ನು ಶಾಕೀರ್ ಕಾರಿಡಾರಿನಲ್ಲೇ ತಡೆದ. ಲ್ಯಾಬಿನ ಕಡೆ ಕೈ ಮಾಡಿದ. ಜಿಪ್ಸಮ್ ಹೆಚ್ಚಿದ್ದ ಬಿಲ್ಲೆಗಳ ಮುಳ್ಳುಗಳು ಸರಿದಿದ್ದವು. ಇಲ್ಲದವುಗಳ ಮುಳ್ಳುಗಳು ಇದ್ದಲ್ಲೇ ಇದ್ದವು. ಭಾರತಿ ಸ್ಟೂಲು ಎಳೆದುಕೊಂಡು ಕೂತು ಮುಳ್ಳುಗಳನ್ನು ಮತ್ತೊಮ್ಮೆ ಓದಿದಳು. ಸಂತೋಷಪಡಲೂ ಧೈರ್ಯ ಸಾಲದೆ, "ಇನ್ನೊಮ್ಮೆ ನೋಡೂಣು ತಮ್ಮಾ, ಕೈತಪ್ಪಿರಬಹುದು," ಎಂದಳು. ಇನ್ನೊಮ್ಮೆಯೂ ಹಾಗೆಯೇ ಆಯಿತು. ಕಾಲುವೆಯಿಂದ ತಂದಿದ್ದ ಎರಡು ಹೆಂಟೆಗಳನ್ನು ನಜಮಾ ತಮ್ಮ ಸಂಸ್ಥೆಯ ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಉಬ್ಬಿದ ಹೆಂಟೆಯಲ್ಲಿ ಸೂಜಿಯಂಥ ಹರಳುಗಳು ಒತ್ತೊತ್ತಾಗಿದ್ದವು.

ಆ ವರ್ಷದ ಕೊನೆಗೆ ಭಾರತಿಯ ಹೆಸರು ನೋಂದಣಿಯಾಯಿತು. ಫೆಲೋಶಿಪ್ ಇಲ್ಲ. ವಾರದ ಪಾಠ, ರಜೆಯಲ್ಲಿ ಸಂಸ್ಥೆ, ನಿಂಗರಾಜನ ಪಾಳಿ ನೋಡಿಕೊಂಡು ಮನೆ. ಎಷ್ಟು ವರ್ಷ ಹಿಡಿಯುತ್ತದೋ ಅವಳಿಗೂ ಗೊತ್ತಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ಸಮಿತಿಯ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ಎಡಗಡೆ ಕೂತಿದ್ದ ಆ ಪ್ರೊಫೆಸರು ಅದೇ ಸಮಿತಿಯಲ್ಲಿದ್ದಾರೆ. ಕಠಿಣ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಅವಳ ಅಂಕಿಅಂಶಗಳ ಮೇಲೆ ಮಾತ್ರ ಒಮ್ಮೆಯೂ ಅನುಮಾನಪಟ್ಟಿಲ್ಲ.

ಈ ಬೇಸಿಗೆಯಲ್ಲಿ ಬೇರೆ ಬೇರೆ ಗದ್ದೆಗಳ ಮಣ್ಣು ಬೇಕಾಗಿ ಅವಳು ಮತ್ತೆ ದಢೇಸುಗೂರಿಗೆ ಹೋಗಿದ್ದಳು. ನಬೀಸಾಬ್‌ನ ಬದುವಿನ ಮೇಲೆ ಅಳುಕುತ್ತಲೇ ನಿಂತು ಕೇಳಿದಳು. ಅವನು ಅವಳನ್ನೂ ಅವಳ ಕೈಯ ಚೀಲವನ್ನೂ ನೋಡಿದ.

"ಮಣ್ಣು ಬೇಕಾದಷ್ಟು ಒಯ್ಯವ್ವಾ. ತಿರುಗಿ ತಂದು ಮೆತ್ತಬ್ಯಾಡ, ಅಷ್ಟ."

ಭಾರತಿ ಹೂಂ ಎಂದು, ಗುದ್ದಲಿ ತೆಗೆದುಕೊಂಡು ಬದುವಿನಿಂದ ಕೆಳಗಿಳಿದಳು.